ಹೊಂಡ ನಮ್ಮದು, ಅದಕ್ಕೆ ಬರುವ ನೀರು ಯಾರದು?

2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮಳೆ ಹಿಡಿದುಕೊಂಡಿತು ನೋಡಿ, ಬಿಡುವ ಲಕ್ಷಣವೇ ಇರಲಿಲ್ಲ. ಕೊಯ್ದು ಹಾಕಿದ್ದ ರಾಗಿ ಹೊಲದಲ್ಲೇ ಮೊಳಕೆ ಬಂತು. ಜಾಲಿ ಬೆಳೆದು ಕಾಡಾಗಿದ್ದ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಆಗ ಮುಳಬಾಗಿಲು ಹತ್ತಿರದ ನಮ್ಮ ಚಿಕ್ಕಪ್ಪನ ಊರಿಗೆ ಹೋಗಿದ್ದೆ. ಕೋಡಿಯ ಹತ್ತಿರ ಜಾತ್ರೆಯೇ ನೆರೆದಿತ್ತು. ಅರಿಶಿನ ಕುಂಕುಮ ಹಿಡಿದು ಬಂದ ಹೆಂಗಸರು ಒಂದು ಕಡೆ, ಫೋನ್ ಹಿಡಿದು ವಿಡಿಯೋ ಮಾಡುವ ಹುಡುಗರು ಇನ್ನೊಂದು ಕಡೆ. ಆ ಹುಡುಗರಲ್ಲಿ ಹೆಚ್ಚಿನವರು ತಮ್ಮೂರ ಕೆರೆ ಕೋಡಿ ಬಿದ್ದದ್ದನ್ನು ನೋಡಿದ್ದು ಅದೇ ಮೊದಲು.

ಮರುವರ್ಷ, 2022ರಲ್ಲೂ ಮಳೆ ಜೋರಾಗಿಯೇ ಆಯಿತು. ಚಿತ್ರದುರ್ಗದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು ಆ ವರ್ಷವೇ. ಅದರ ಮುಂದಿನ ವರ್ಷ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಕೋಡಿಗೆ ಪೂಜೆ ಮಾಡಿದ ಜನವೇ ಮತ್ತೆ ಆಕಾಶ ನೋಡುತ್ತಾ ಕೂತರು.

"ಬಂದ್ರೆ ಹೊಸ ಅಳಿಯ ಬಂದಂಗೆ ಬರ್ತದೆ. ಹೋದ್ಮೇಲೆ ಅಡ್ರೆಸ್ಸೇ ಇರಲ್ಲ" ಅಂತ ಚಿಕ್ಕಪ್ಪ ಮಳೆಯ ಬಗ್ಗೆ ಹೇಳುತ್ತಿರುತ್ತಾರೆ.

ಬಯಲುಸೀಮೆಯಲ್ಲಿ ಮಳೆನೀರು ಹಿಡಿಯುವ ಮಾತು ಬಂದಾಗಲೆಲ್ಲ ನಮಗೆ ಮೊದಲು ನೆನಪಾಗುವುದು ಗುಂಡಿ. ಕೃಷಿ ಹೊಂಡ, ಚೆಕ್ ಡ್ಯಾಂ, ಇಂಗುಗುಂಡಿ. ತೋಡಿದರೆ ಮುಗಿಯಿತು ಅನ್ನುವ ಭಾವನೆ. ಆದರೆ ಗುಂಡಿ ತೋಡುವುದು ಈ ಕೆಲಸದಲ್ಲಿ ತೀರಾ ಸುಲಭದ ಭಾಗ. ಅದಕ್ಕೆ ನೀರು ಎಲ್ಲಿಂದ ಬರಬೇಕು, ಯಾರ ಹೊಲ ದಾಟಿ ಬರಬೇಕು, ಇಲ್ಲಿ ನಿಲ್ಲಿಸಿದರೆ ಕೆಳಗೆ ಯಾರಿಗೆ ಕಡಿಮೆ ಆಗುತ್ತದೆ, ಕಷ್ಟದ ಪ್ರಶ್ನೆಗಳು ಇವು. ನಮ್ಮ ಯೋಜನೆಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಮೊದಲು ಒಂದು ಲೆಕ್ಕ ನೋಡೋಣ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಕೋಲಾರದ ಕಡೆ ವರ್ಷಕ್ಕೆ ಹೆಚ್ಚುಕಡಿಮೆ 700 ಮಿ.ಮೀ. ಮಳೆ. ಅಂದರೆ ಎಕರೆಗೆ 28 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 560 ಟ್ಯಾಂಕರ್. ಜಿಲ್ಲೆಯ ವಿಸ್ತೀರ್ಣ ಸುಮಾರು 4,000 ಚದರ ಕಿ.ಮೀ. ಅಷ್ಟರ ಮೇಲೆ ಬೀಳುವ ಮಳೆಯನ್ನು ಕೂಡಿದರೆ ಹತ್ತಿರ ಹತ್ತಿರ 100 ಟಿಎಂಸಿ ಆಗುತ್ತದೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಬರದ ಜಿಲ್ಲೆ ಅಂತಲೇ ಹೆಸರಾದ ಊರಿನ ತಲೆಯ ಮೇಲೆ 100 ಟಿಎಂಸಿ!

ಇಂಥ ಲೆಕ್ಕವನ್ನು ಭಾಷಣಗಳಲ್ಲಿ ತುಂಬಾ ಬಳಸುತ್ತಾರೆ. "ನೋಡಿ, ಇಷ್ಟೆಲ್ಲ ಪೋಲಾಗುತ್ತಿದೆ" ಅನ್ನುತ್ತಾರೆ. ಪೋಲು ಅನ್ನುವುದು ಸರಿಯಲ್ಲ. ಬಿದ್ದ ಮಳೆಯ ಬಹುಪಾಲು ಮಣ್ಣಿಗೆ ಇಳಿಯುತ್ತದೆ. ಅದನ್ನೇ ರಾಗಿ, ಅವರೆ, ಹುಲ್ಲು, ಹೊಂಗೆ, ಮಾವು ಕುಡಿಯುತ್ತವೆ. ಇನ್ನೊಂದಷ್ಟು ಆವಿಯಾಗುತ್ತದೆ. ಹೊಲದ ಮೇಲೆ ಹರಿದು ಹೋಗುವುದು ಸಾಮಾನ್ಯವಾಗಿ ನೂರರಲ್ಲಿ ಹತ್ತರಿಂದ ಇಪ್ಪತ್ತು ಭಾಗ. ನಾವು ಹಿಡಿಯಬಹುದಾದದ್ದು ಈ ಭಾಗದಿಂದ. ಅದನ್ನೂ ಪೂರ್ತಿ ಹಿಡಿದರೆ ಹಳ್ಳಕ್ಕೆ, ಕೆಳಗಿನ ಊರಿನ ಕೆರೆಗೆ ಏನು ಉಳಿಯಿತು?

ಈಗ ಹೊಂಡಕ್ಕೆ ಬರೋಣ. ರಾಜ್ಯದಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದದ್ದು 2014-15ರಲ್ಲಿ. ಹೊಂಡ ತೋಡಿಸಲು ಸಾಮಾನ್ಯ ವರ್ಗದ ರೈತರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನ. ಜೊತೆಗೆ ತಳಕ್ಕೆ ಹಾಸಲು ಪಾಲಿಥಿನ್ ಹೊದಿಕೆ, ನೀರೆತ್ತಲು ಪಂಪು, ತುಂತುರು ಅಥವಾ ಹನಿ ನೀರಾವರಿ. ಲಕ್ಷಕ್ಕೂ ಜಾಸ್ತಿ ಹೊಂಡಗಳಾದವು. ಮಧ್ಯೆ ಕೆಲವು ವರ್ಷ ನಿಂತುಹೋಗಿದ್ದ ಯೋಜನೆ 2023-24ರಲ್ಲಿ ಮತ್ತೆ ಬಂತು. ನನ್ನ ಮಟ್ಟಿಗೆ ಇದು ಒಳ್ಳೆಯ ಯೋಜನೆ. ಕಾಲುವೆ ಎಂದೂ ಬಾರದ ಊರಿನ ಸಣ್ಣ ರೈತನ ಹೊಲಕ್ಕೇ ನೀರಾವರಿಯ ದುಡ್ಡು ಬಂದದ್ದು ಅಪರೂಪ.

ಚಿಕ್ಕಪ್ಪನೂ ಒಂದು ಹೊಂಡ ಮಾಡಿಸಿದರು. ಹನ್ನೆರಡು ಮೀಟರ್ ಉದ್ದ, ಹನ್ನೆರಡು ಅಗಲ, ಮೂರು ಆಳ. ಬದಿಗಳು ಇಳಿಜಾರಾಗಿರುವುದರಿಂದ ಅದರಲ್ಲಿ ಹಿಡಿಯುವುದು ಸುಮಾರು ಎರಡೂವರೆ ಲಕ್ಷ ಲೀಟರ್. ಮೊದಲ ವರ್ಷ ಅದರಲ್ಲಿ ನಿಂತದ್ದು ಮೊಣಕಾಲುದ್ದ ನೀರು. ಯಾಕೆ ಅಂತ ನೋಡಿದರೆ, ಹೊಂಡ ಇದ್ದದ್ದು ರಸ್ತೆ ಪಕ್ಕ. ಜೆಸಿಬಿ ಸಲೀಸಾಗಿ ಬರಲಿ ಅಂತ ಅಲ್ಲಿ ತೋಡಿದ್ದರು. ಹೊಲದ ನೀರು ಇಳಿಯುತ್ತಿದ್ದದ್ದು ಅದರ ಎದುರು ಮೂಲೆಗೆ. ತೋಡಿದ ದಿನ ಫೋಟೋ ತೆಗೆದುಕೊಂಡು ಹೋದರು. ತುಂಬಿತಾ ಅಂತ ನೋಡೋಕೆ ಮತ್ತೆ ಯಾರೂ ಬರಲಿಲ್ಲ.

ಸರಿಯಾದ ಜಾಗದಲ್ಲೇ ಇದ್ದಿದ್ದರೂ ತುಂಬುತ್ತಿತ್ತಾ? ಕೆಂಪು ಮಣ್ಣಿನಲ್ಲಿ ಸಣ್ಣ ಮಳೆಗಳು ಹರಿಯುವುದೇ ಇಲ್ಲ, ಇಂಗಿಬಿಡುತ್ತವೆ. ಜೋರು ಮಳೆ ಬಡಿದಾಗ ಮಣ್ಣು ಹಕ್ಕಳೆಗಟ್ಟಿ, ಆಮೇಲೆ ನೀರು ಮೇಲೆ ಮೇಲೆ ಓಡುತ್ತದೆ. ಒಂದು ಸಂಜೆ 50 ಮಿ.ಮೀ. ಹೊಡೆಯಿತು, ಅದರಲ್ಲಿ ಐದನೇ ಒಂದು ಭಾಗ ಹರಿಯಿತು ಅಂತ ಇಟ್ಟುಕೊಳ್ಳಿ. ಎಕರೆಗೆ 40 ಸಾವಿರ ಲೀಟರ್. ಎರಡೂವರೆ ಲಕ್ಷ ಲೀಟರಿನ ಹೊಂಡ ಒಂದೇ ಮಳೆಗೆ ತುಂಬಬೇಕಾದರೆ ಆರು ಎಕರೆಯ ನೀರು ಬೇಕು. ಚಿಕ್ಕಪ್ಪನಿಗಿರುವುದು ಮೂರು ಎಕರೆ, ಅದರಲ್ಲೂ ಒಂದು ಭಾಗ ಹೊಂಡಕ್ಕಿಂತ ತಗ್ಗಿನಲ್ಲಿದೆ. ಇಲ್ಲವೇ ಅಂಥ ಮಳೆ ಮೂರ್ನಾಲ್ಕು ಬರಬೇಕು. ಬರದ ವರ್ಷದಲ್ಲಿ ಅಂಥ ಮಳೆ ಒಂದು ಬಂದರೆ ಪುಣ್ಯ.

ಅಂದರೆ ಹೊಂಡ ಒಬ್ಬರ ಹೊಲದಲ್ಲಿದ್ದರೂ ಅದನ್ನು ತುಂಬಿಸಬೇಕಾದದ್ದು ನಾಲ್ಕಾರು ಜನರ ಹೊಲ. ಅರ್ಜಿ ಮಾತ್ರ ಒಬ್ಬರ ಹೆಸರಲ್ಲಿ, ಒಂದು ಪಹಣಿ ಮೇಲೆ.

ಜೈಸಲ್ಮೇರ್ ಕಡೆಯ ಖಡೀನ್ ವಿಷಯ ಓದಿದಾಗ ನನಗೆ ಇಷ್ಟವಾದದ್ದು ಇದೇ. ಅಲ್ಲಿ ಮಳೆ ವರ್ಷಕ್ಕೆ 200 ಮಿ.ಮೀ. ಕೂಡ ಬರುವುದು ಕಷ್ಟ. ಪಾಲಿವಾಲ ಸಮುದಾಯದವರು ಶತಮಾನಗಳ ಹಿಂದೆಯೇ ಕಲ್ಲುಗುಡ್ಡಗಳಿಂದ ನುಗ್ಗಿ ಬರುವ ನೀರನ್ನು ತಗ್ಗಿನ ಹೊಲದಲ್ಲಿ ಉದ್ದನೆಯ ಏರಿ ಹಾಕಿ ನಿಲ್ಲಿಸಿದರು. ನೀರು ನಿಂತು, ಇಂಗಿ, ನೆಲ ಹದವಾದ ಮೇಲೆ ಅದೇ ಜಾಗದಲ್ಲಿ ಗೋಧಿ, ಕಡಲೆ ಬಿತ್ತುತ್ತಾರೆ. ಬೆಳೆಯುವ ಹೊಲದ ಹತ್ತು ಹದಿನೈದು ಪಟ್ಟು ಜಾಗವನ್ನು ಬರೀ ನೀರು ಹರಿದು ಬರುವುದಕ್ಕೆ ಬಿಟ್ಟಿರುತ್ತಾರೆ. ಹೊಲ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಅಲ್ಲಿ ನೀರು ಬರುವ ಜಾಗವೇ ಗೊತ್ತು ಮಾಡುತ್ತದೆ. ನಮ್ಮಲ್ಲಿ ಹೊಂಡದ ಅಳತೆ ಗೊತ್ತು ಮಾಡುವುದು ಸಹಾಯಧನದ ಪಟ್ಟಿ.

ಇರಲಿ, ಹೊಂಡ ತುಂಬಿತು ಅಂತಲೇ ಇಟ್ಟುಕೊಳ್ಳೋಣ. ಎರಡೂವರೆ ಲಕ್ಷ ಲೀಟರಿನಲ್ಲಿ ಏನು ಮಾಡಬಹುದು? ಒಂದು ಎಕರೆಗೆ ಒಂದು ಅಂಗುಲ, ಅಂದರೆ 25 ಮಿ.ಮೀ. ನೀರು ಕೊಡಲು ಒಂದು ಲಕ್ಷ ಲೀಟರ್ ಬೇಕು. ರಾಗಿ ತೆನೆ ಹಾಲುಗಟ್ಟುವ ಹೊತ್ತಿಗೆ ಎರಡು ವಾರ ಮಳೆ ಕೈಕೊಟ್ಟರೆ ಕಾಳೆಲ್ಲ ಜೊಳ್ಳು. ಆ ಹೊತ್ತಿಗೆ ಎರಡು ಎಕರೆಗೆ ಒಂದೊಂದು ಸಲ ನೀರು ಹಾಯಿಸಿದರೆ ಬೆಳೆ ಉಳಿಯಿತು. ಕೃಷಿ ಇಲಾಖೆಯವರು ಜೀವರಕ್ಷಕ ನೀರಾವರಿ ಅನ್ನುವುದು ಇದನ್ನೇ. ಹೊಂಡ ಇರುವುದು ಇಷ್ಟಕ್ಕೆ. ಅದೇ ನೀರಿನಲ್ಲಿ ಟೊಮೆಟೊ ಬೆಳೆಯಲು ಹೊರಟರೆ, ಹನಿ ನೀರಾವರಿ ಹಾಕಿದರೂ ಎಕರೆಗೆ 400ರಿಂದ 600 ಮಿ.ಮೀ. ಬೇಕು. ಅಂದರೆ ಇಂಥ ಆರೇಳು ಹೊಂಡ, ಕಡಿಮೆ ಅಂದರೂ. ಕಬ್ಬಿನ ಮಾತು ಬಿಡಿ, ಅದಕ್ಕೆ ಮೂವತ್ತು ಹೊಂಡವೂ ಸಾಲದು.

ಜೊತೆಗೆ ಬಿಸಿಲಿಗೂ ಪಾಲು ಕೊಡಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ 6ರಿಂದ 8 ಮಿ.ಮೀ. ಆವಿಯಾಗುತ್ತದೆ. ಚಿಕ್ಕಪ್ಪನ ಹೊಂಡದ ಮೇಲ್ಮೈ 144 ಚದರ ಮೀಟರ್. ತುಂಬಿದ ಹೊಂಡದಿಂದ ದಿನಕ್ಕೆ ಸಾವಿರ ಲೀಟರ್ ಸುಮ್ನೆ ಮೇಲೆ ಹೋಗುತ್ತದೆ. ಬೇಸಿಗೆಗೆ ಇರಲಿ ಅಂತ ಕಾಪಾಡಿಕೊಂಡು ಕೂತರೆ ಬೇಸಿಗೆಯೇ ಕುಡಿದುಬಿಡುತ್ತದೆ. ಮುಂಗಾರಿನ ನೀರನ್ನು ಅದೇ ಬೆಳೆಗೆ ಖರ್ಚು ಮಾಡಿ ಮುಗಿಸುವುದೇ ಜಾಣತನ.

ಆದರೆ ಊರಲ್ಲಿ ನಡೆಯುವುದು ಬೇರೆ. ಪಾಲಿಥಿನ್ ಹಾಸಿದ ಹೊಂಡ ಅಂದರೆ ಒಂದು ತಯಾರಾದ ತೊಟ್ಟಿ. ತ್ರೀ ಫೇಸ್ ಕರೆಂಟ್ ಬರುವುದು ಹೊತ್ತಲ್ಲದ ಹೊತ್ತಿನಲ್ಲಿ. ಬಂದಾಗ ಬೋರ್‌ವೆಲ್ ಓಡಿಸಿ ಹೊಂಡ ತುಂಬಿಸಿಕೊಂಡರೆ ಬೆಳಗ್ಗೆ ಆರಾಮಾಗಿ ನೀರು ಕಟ್ಟಬಹುದು. ಚಿಕ್ಕಪ್ಪನೂ ಎರಡು ವರ್ಷ ಇದನ್ನೇ ಮಾಡಿದರು. ಮುಚ್ಚುಮರೆ ಇಲ್ಲದೆ ಹೇಳುತ್ತಾರೆ: "ಖಾಲಿ ಇಟ್ಕೊಂಡು ಏನ್ ಮಾಡ್ಲಪ್ಪಾ? ಟೊಮೆಟೊಗೆ ರೇಟಿತ್ತು." ಮಹಾರಾಷ್ಟ್ರದಲ್ಲಿ ದ್ರಾಕ್ಷಿ, ದಾಳಿಂಬೆ ಬೆಳೆಗಾರರ ಶೇತತಳೆಗಳ, ಅಂದರೆ ಅಲ್ಲಿನ ಕೃಷಿ ಹೊಂಡಗಳ, ಕತೆಯೂ ಇದೇ. ಸಾವಿರ ಅಡಿ ಆಳದಿಂದ ಎತ್ತಿದ ನೀರನ್ನು ಬಿಸಿಲಿಗೆ ಹರವುವುದಕ್ಕೆ ಮಳೆಕೊಯ್ಲು ಅಂತ ಹೆಸರು. ರೈತನನ್ನು ಬೈದು ಪ್ರಯೋಜನವಿಲ್ಲ. ಮಳೆಗೆ ತುಂಬದ ಜಾಗದಲ್ಲಿ ತೊಟ್ಟಿ ಕೊಟ್ಟರೆ ಅವನು ಇನ್ಯಾವುದರಿಂದಲೋ ತುಂಬಿಸಿಕೊಳ್ಳುತ್ತಾನೆ, ಅಲ್ವಾ? ಚಿಕ್ಕಪ್ಪನ ಬೋರ್ ಆಮೇಲೆ ಒಣಗಿತು. ಇನ್ನೊಂದು ಕೊರೆಸಿದರು, ಬರೀ ಧೂಳು ಬಂತು.

ಇಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು. ಪಾಲಿಥಿನ್ ಹಾಸಿದ ಹೊಂಡದ ಬದಿ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಬಿದ್ದವರು ಈಜು ಬಂದರೂ ಹತ್ತಲಾರರು. ಕೃಷಿ ಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿ ವರ್ಷ ವರ್ಷವೂ ಪೇಪರಿನಲ್ಲಿ ಬರುತ್ತದೆ. ಈಗ ಯೋಜನೆಯಲ್ಲಿ ತಂತಿ ಬೇಲಿಯನ್ನೂ ಸೇರಿಸಿದ್ದಾರೆ. ಹಳೆಯ ಹೊಂಡಗಳಲ್ಲಿ ಎಷ್ಟೋ ಈಗಲೂ ಬೇಲಿ ಇಲ್ಲದೆ ಇವೆ. ಒಂದು ಹಗ್ಗಕ್ಕೆ ಹಳೆಯ ಟೈರು ಕಟ್ಟಿ, ಇನ್ನೊಂದು ತುದಿಯನ್ನು ದಡದ ಗೂಟಕ್ಕೆ ಬಿಗಿದು ಒಳಗೆ ಇಳಿಬಿಟ್ಟರೆ ಖರ್ಚು ಏನೂ ಇಲ್ಲ. ನಿಮ್ಮ ಕಡೆ ಹೊಂಡ ಇದ್ದರೆ ಇವತ್ತೇ ಈ ಕೆಲಸ ಮಾಡಿ.

ಹೊಂಡಕ್ಕಿಂತ ಮೊದಲು ನಮ್ಮಲ್ಲಿ ಕೆರೆ ಇತ್ತು. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಅನ್ನುತ್ತಾರೆ. ಬಯಲುಸೀಮೆಯ ಕೆರೆ ಅಂದರೆ ಒಂಟಿ ಕೆರೆಯಲ್ಲ, ಸರಪಳಿ. ಮೇಲಿನ ಕೆರೆ ತುಂಬಿದರೆ ಅದರ ಕೋಡಿ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಜೋರು ಮಳೆಯ ನೀರನ್ನು ಹಂತ ಹಂತವಾಗಿ ಹಿಡಿದು, ಪ್ರವಾಹದ ಸಿಟ್ಟು ಇಳಿಸಿ, ಕೊನೆಗೆ ಹೊಳೆಗೆ ಬಿಡುವ ವ್ಯವಸ್ಥೆ ಇದು. ನೆರೆ ನೀರಿನ ಕೊಯ್ಲು ಅಂತ ಈಗ ಹೊಸದಾಗಿ ಮಾತಾಡುತ್ತೇವೆ. ನಮ್ಮಲ್ಲಿ ಅದು ಕೋಡಿ ಎಂಬ ಎರಡಕ್ಷರದ ಮಾತಿನಲ್ಲೇ ಇದೆ.

ಆ ವ್ಯವಸ್ಥೆಯನ್ನು ನಡೆಸುತ್ತಿದ್ದವನು ನೀರುಗಂಟಿ. ತೂಬು ಎತ್ತುವುದು, ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ನೋಡುವುದು, ಏರಿಯಲ್ಲಿ ಇಲಿ ಬಿಲ ಬಿದ್ದರೆ ಮುಚ್ಚುವುದು, ರಾತ್ರಿ ಮಳೆಯಲ್ಲಿ ಕೋಡಿ ಕಾಯುವುದು ಅವನ ಕೆಲಸ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಕಾಳು ಅಂತ ಅವನಿಗೆ ಸಲ್ಲಬೇಕು. ಹಳೆಯದನ್ನೆಲ್ಲ ಚೆಂದ ಮಾಡಿ ಹೇಳಬಾರದು. ನೀರುಗಂಟಿಗಳು ಬಹುಪಾಲು ದಲಿತರು, ಅಚ್ಚುಕಟ್ಟಿನ ಗದ್ದೆಗಳು ಬಹುಪಾಲು ಬೇರೆಯವರವು. ಊರಿಗೆಲ್ಲ ನೀರು ಹಂಚಿದವನಿಗೆ ಎಷ್ಟೋ ಕಡೆ ಆ ನೀರು ಹಾಯುವ ಒಂದು ಗುಂಟೆಯೂ ಇರಲಿಲ್ಲ. ಆದರೂ ಒಂದು ವಿಷಯ ಗಟ್ಟಿಯಾಗಿತ್ತು: ಈ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಊರಲ್ಲಿ ಒಬ್ಬನಿಗಾದರೂ ಪೂರ್ತಿ ಗೊತ್ತಿತ್ತು. ಈಗ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯ್ತಿಗೆ, ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ, ಕಾಲುವೆಯ ಜಾಗ ಕಂದಾಯಕ್ಕೆ, ಮೇಲಿನ ನೀಲಗಿರಿ ತೋಪು ಇನ್ಯಾರಿಗೋ.

ನೀಲಗಿರಿ ಅಂದಾಗ ನೆನಪಾಯಿತು. ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಕೆರೆಗಳ ಮೇಲ್ಭಾಗದ ಎಷ್ಟೋ ಹೊಲಗಳು ಎಪ್ಪತ್ತು, ಎಂಬತ್ತರ ದಶಕದಿಂದೀಚೆಗೆ ನೀಲಗಿರಿಯಾದವು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ನೀರು ಯಾಕೆ ಬರುತ್ತಿಲ್ಲ ಅಂತ ಅರ್ಕಾವತಿ ಕಣಿವೆಯಲ್ಲಿ ಏಟ್ರೀ ಎಂಬ ಪರಿಸರ ಅಧ್ಯಯನ ಸಂಸ್ಥೆಯ ಸಂಶೋಧಕರು ಹುಡುಕಿದಾಗ ಸಿಕ್ಕ ಉತ್ತರ ಕುತೂಹಲದ್ದು. ಮಳೆ ಕಡಿಮೆಯಾದದ್ದೇ ಕಾರಣ ಅನ್ನಲು ಆಧಾರ ಸಿಗಲಿಲ್ಲ. ಮುಖ್ಯ ಕಾರಣ ಬೋರ್‌ವೆಲ್ ಮತ್ತು ನೀಲಗಿರಿ. ಅವುಗಳ ನಂತರದ ಸ್ಥಾನದಲ್ಲಿ, ಹಳ್ಳದುದ್ದಕ್ಕೂ ಕಟ್ಟಿದ ಚೆಕ್ ಡ್ಯಾಂನಂಥ ಅಡ್ಡಿಗಳು. ಅಂದರೆ ನೀರು ಉಳಿಸಲು ಕಟ್ಟಿದ್ದು ಕೂಡ ಕೆಳಗಿನವರಿಗೆ ನೀರು ಬಾರದ ಪಟ್ಟಿಯಲ್ಲಿ ಸೇರಿತ್ತು.

ಇದು ಕೇಳಲು ಹಿತವಾದ ಮಾತಲ್ಲ. ಮೇಲಿನವನು ಬದು ಹಾಕಿ, ಹೊಂಡ ತೋಡಿ, ಹಳ್ಳಕ್ಕೆ ಅಡ್ಡ ಕಟ್ಟಿದರೆ ಅವನಿಗೆ ಲಾಭವೇ. ಆದರೆ ಸಾಧಾರಣ ಮಳೆಯ ವರ್ಷದಲ್ಲಿ ಕೆರೆಗೆ ಬರುವ ನೀರು ಅಷ್ಟರ ಮಟ್ಟಿಗೆ ಕಡಿಮೆ. ಒಂದು ಕಡೆ ಕೆರೆ ಹೂಳೆತ್ತಲು ದುಡ್ಡು, ಇನ್ನೊಂದು ಕಡೆ ಅದೇ ಕೆರೆಯ ಮೇಲ್ಭಾಗದಲ್ಲಿ ನೂರಾರು ಹೊಂಡಕ್ಕೆ ದುಡ್ಡು. ಎರಡಕ್ಕೂ ಒಂದೇ ಮಳೆಯ ಮೇಲೆ ಕಣ್ಣು. ಎರಡನ್ನೂ ಒಂದೇ ಕಾಗದದ ಮೇಲೆ ಇಟ್ಟು ಲೆಕ್ಕ ಹಾಕುವವರು ಯಾರು? ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡಗಳಲ್ಲಿ ನಡೆದಾಗ ಹೊಲಗಳನ್ನು ಹಳ್ಳದ ಲೆಕ್ಕದಲ್ಲಿ ಗುಂಪು ಮಾಡಿ ನೋಡಿದ್ದರು. ಆ ಕ್ರಮ ಗೊತ್ತಿಲ್ಲದ್ದೇನೂ ಅಲ್ಲ. ಫಲಾನುಭವಿ ಪಟ್ಟಿ ಮಾಡುವುದು ಅದಕ್ಕಿಂತ ಸುಲಭ, ಅಷ್ಟೇ.

ಇಷ್ಟು ಹೊತ್ತು ಹೇಳಿದ್ದು ಕೆಂಪು ಮಣ್ಣಿನ ಕತೆ. ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಲೆಕ್ಕವೇ ಬೇರೆ. ಒಂದು ಮೀಟರ್ ಆಳದ ಒಳ್ಳೆಯ ಎರೆ ಮಣ್ಣು ಬೆಳೆಗೆ ಸಿಗುವಂತೆ 150ರಿಂದ 200 ಮಿ.ಮೀ. ನೀರು ಹಿಡಿದಿಟ್ಟುಕೊಳ್ಳುತ್ತದೆ. 150 ಅಂತಲೇ ಹಿಡಿದರೂ ಎಕರೆಗೆ ಆರು ಲಕ್ಷ ಲೀಟರ್. ಚಿಕ್ಕಪ್ಪನ ಹೊಂಡದಂಥ ಎರಡು ಹೊಂಡಕ್ಕಿಂತ ಜಾಸ್ತಿ ನೀರು, ಒಂದೇ ಎಕರೆಯ ಮಣ್ಣಿನೊಳಗೆ! ಅದಕ್ಕೆ ಪಾಲಿಥಿನ್ ಬೇಡ, ಪಂಪು ಬೇಡ. ಮಗು ಬೀಳುವ ಭಯವಿಲ್ಲ. ವಿಜಯಪುರ, ಬಾಗಲಕೋಟೆ, ಗದಗದ ರೈತರು ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು, ನೀರು ಕುಡಿಸಿ, ಉತ್ತರಿ, ಹಸ್ತದ ಹೊತ್ತಿಗೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುವುದು ಇದೇ ಕಾರಣಕ್ಕೆ. ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಮಣ್ಣಿನ ಹಸಿ ಮತ್ತು ಚಳಿಗಾಲದ ಇಬ್ಬನಿಯಲ್ಲಿ ಜೋಳ ತೆನೆ ಹಾಕುತ್ತದೆ.

ತೊಂದರೆ ಏನೆಂದರೆ, ಎರೆ ಮಣ್ಣು ಮೊದಲು ಬಿರುಕಿನಲ್ಲಿ ಗಟಗಟ ಕುಡಿಯುತ್ತದೆ. ಒಮ್ಮೆ ನೆನೆದು ಉಬ್ಬಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲಿನ ಮಳೆಯೆಲ್ಲ ಮಣ್ಣನ್ನೂ ಕರೆದುಕೊಂಡು ಹಳ್ಳಕ್ಕೆ ಹೋಗುತ್ತದೆ. ಅದನ್ನು ನಿಧಾನ ಮಾಡಲು ಚೌಕು ಮಡಿ. ಹೊಲವನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿ ಸುತ್ತ ಗೇಣೆತ್ತರದ ಬದು ಹಾಕುವುದು. ಬಿದ್ದ ನೀರು ಬಿದ್ದಲ್ಲೇ ನಿಂತು ಇಂಗುತ್ತದೆ. ಹೊಲದ ಅಂಚಿಗೆ ದೊಡ್ಡ ಒಡ್ಡು. ಒಡ್ಡಿನಲ್ಲಿ ಹೆಚ್ಚಾದ ನೀರು ಮಣ್ಣು ಕೊಚ್ಚದೆ ಇಳಿದು ಹೋಗಲಿ ಅಂತ ಕಲ್ಲು ಜೋಡಿಸಿದ ಕಿಂಡಿ, ಅದಕ್ಕೆ ಗುಂಡಾವರ್ತಿ ಅನ್ನುತ್ತಾರೆ. ನನ್ನ ಕಣ್ಣಿಗೆ ಆ ಕಿಂಡಿಯೇ ದೊಡ್ಡ ವಿಷಯ. ನನಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಕೆಳಗಿನ ಹೊಲಕ್ಕೆ ಹಾಳು ಮಾಡದೆ ಕೊಡುತ್ತೇನೆ ಎಂಬ ಒಪ್ಪಂದವನ್ನು ಯಾರೋ ಕಲ್ಲಲ್ಲಿ ಕಟ್ಟಿಟ್ಟಿದ್ದಾರೆ. ಒಡ್ಡು ಒಡೆದ ಮೇಲೆ ರಿಪೇರಿ ಮಾಡುವ ಎತ್ತಿಲ್ಲ, ಆಳಿಲ್ಲ ಅನ್ನುವುದು ಈಗಿನ ಗೋಳು. ಹೊಸ ಹೊಂಡಕ್ಕೆ ದುಡ್ಡು ಸಿಗುವಷ್ಟು ಸಲೀಸಾಗಿ ಹಳೆಯ ಒಡ್ಡಿನ ರಿಪೇರಿಗೆ ಸಿಗುವುದಿಲ್ಲ.

ಡೋಣಿ ಹರಿದರೆ ಓಣೆಲ್ಲ ಜೋಳ ಅಂತ ವಿಜಯಪುರದ ಕಡೆ ಹಳೆಯ ಮಾತು. ಈಗ ಆ ಡೋಣಿ ಹೊಳೆಯಲ್ಲಿ ಹೂಳು ತುಂಬಿ ಪಾತ್ರವೇ ಮೇಲೆ ಬಂದಿದೆ. ಜೋರು ಮಳೆ ಬಂದರೆ ತಾಳಿಕೋಟೆ ಹತ್ತಿರ ಸೇತುವೆ ಮುಳುಗುತ್ತದೆ, ಬೆಳೆ ನೀರು ಪಾಲು. ಮೇಲಿನ ಹೊಲಗಳಲ್ಲಿ ನಿಲ್ಲದ ಮಣ್ಣು ಬಂದು ಸೇರುವುದು ಇಂಥ ಹೊಳೆಗಳಿಗೇ.

ಇನ್ನು ದೊಡ್ಡ ಯೋಜನೆಗಳು. ಪಶ್ಚಿಮಕ್ಕೆ ಹರಿಯುವ ಹಳ್ಳಗಳ ಮಳೆಗಾಲದ ನೀರನ್ನು ಸಕಲೇಶಪುರದಿಂದ ಎತ್ತಿ ಕೋಲಾರದವರೆಗೆ ತರುವುದು ಎತ್ತಿನಹೊಳೆ ಯೋಜನೆ. ಒಂದು ಲೆಕ್ಕಕ್ಕೆ ಇದೂ ನೆರೆ ನೀರಿನ ಕೊಯ್ಲೇ. 24 ಟಿಎಂಸಿ ನೀರು, ಅದರಲ್ಲಿ ಸುಮಾರು 14 ಕುಡಿಯಲು, ಉಳಿದ ಸುಮಾರು 10ರಲ್ಲಿ 527 ಕೆರೆ ತುಂಬಿಸುವುದು ಅಂತ ಗುರಿ. 2012ರಲ್ಲಿ 8,323 ಕೋಟಿ ರೂಪಾಯಿ ಇದ್ದ ಅಂದಾಜು ಈಗ 23,251 ಕೋಟಿಗೆ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಪಂಪುಗಳು ಓಡಿದವು. ಅಲ್ಲಿ ಸಿಗುವುದೇ ಸುಮಾರು 9.5 ಟಿಎಂಸಿ ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಹೇಳಿತ್ತು. ಅದು ನಿಜವಾದರೆ ಕುಡಿಯುವ ನೀರಿಗೇ ಸಾಲದು, ಕೆರೆಗೆ ಏನು ಬಂತು? ಕುಡಿಯುವ ನೀರಿಗೆ ಹೊರಗಿನಿಂದ ತರಬೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದ ಮಕ್ಕಳನ್ನು ನೋಡುತ್ತಾ ಬೆಳೆದವನು ನಾನು. ಬೇಸಾಯದ ಆಸೆಯನ್ನು ಆ ಪೈಪಿಗೆ ಕಟ್ಟಬಾರದು, ಇಷ್ಟೇ ನನ್ನ ತಕರಾರು.

ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆ 2018ರಿಂದ ನಡೆಯುತ್ತಿದೆ. 126 ಕೆರೆಗಳ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ಪೂರ್ತಿ ಹರಿದರೆ ವರ್ಷಕ್ಕೆ ಐದೂವರೆ ಟಿಎಂಸಿ ದಾಟುತ್ತದೆ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದು ಸುಳ್ಳಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವ ಕೂಗೂ ಸುಳ್ಳಲ್ಲ. ಅದರ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಯಾರೂ ಅಷ್ಟಾಗಿ ಹೇಳದ ಒಂದು ಮಾತು ಸೇರಿಸುತ್ತೇನೆ. ವರ್ಷವಿಡೀ ತುಂಬಿರುವ ಕೆರೆಯಲ್ಲಿ ಮಳೆಗೆ ಜಾಗ ಎಲ್ಲಿದೆ? ಜೋರು ಮಳೆ ಬಂದರೆ ನೇರ ಕೋಡಿ. ಕೆರೆ ತುಂಬಿಸುವವರು ಸೆಪ್ಟೆಂಬರ್, ಅಕ್ಟೋಬರಿನ ಮಳೆಗೆ ಮುಂಚೆ ಒಂದಷ್ಟು ಖಾಲಿ ಬಿಡುವ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಕೋಡಿ ದಾಟಿದ ನೀರಿಗೂ ವಾರಸುದಾರರಿದ್ದಾರೆ. ನಮ್ಮ ಪಾಲಾರ್, ದಕ್ಷಿಣ ಪಿನಾಕಿನಿ ಹೋಗುವುದು ತಮಿಳುನಾಡಿಗೆ, ಉತ್ತರ ಪಿನಾಕಿನಿ ಆಂಧ್ರಕ್ಕೆ. 1892ರಲ್ಲೇ ಮದ್ರಾಸು ಮತ್ತು ಮೈಸೂರು ನಡುವೆ ಒಪ್ಪಂದವಾಗಿ, ಗೊತ್ತುಪಡಿಸಿದ ಹೊಳೆಗಳ ಮೇಲೆ ಮೈಸೂರಿನವರು ಮದ್ರಾಸನ್ನು ಕೇಳದೆ ಹೊಸ ಜಲಾಶಯ ಕಟ್ಟುವಂತಿಲ್ಲ ಅಂತಾಗಿತ್ತು. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟಿನ ವಿಷಯಕ್ಕೆ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಎರಡು ಸರ್ಕಾರಗಳ ಜಗಳ ದೊಡ್ಡದಾಗಿ ಕಾಣುತ್ತದೆ. ಒಳಗಿನ ಪ್ರಶ್ನೆ ನಮ್ಮ ಚಿಕ್ಕಪ್ಪನ ಹೊಲದ ಪ್ರಶ್ನೆಯೇ: ಮೇಲಿನವನು ಎಷ್ಟು ಹಿಡಿಯಬಹುದು?

ಚಿಕ್ಕಪ್ಪನ ಹೊಲದಲ್ಲಿ ಆಮೇಲೆ ಆದದ್ದು ಇಷ್ಟು. ಬೋರ್ ಕೈಕೊಟ್ಟ ಮೇಲೆ ಅವರು ಮೇಲಿನ ಹೊಲದವರ ಹತ್ತಿರ ಹೋದರು. ಐದು ಎಕರೆ, ಮಳೆ ಬಂದರೆ ಅದರ ನೀರೆಲ್ಲ ಬದು ಒಡೆದುಕೊಂಡು ರಸ್ತೆಗೆ ಹೋಗುತ್ತಿತ್ತು. "ಅಣ್ಣಾ, ನಿನ್ನ ಹೊಲದ ಬದಿಗೆ ಒಂದು ಕಾಲುವೆ ತೆಗೀತೀನಿ. ನಿನಗೆ ಬೇಕಾದಾಗ ಹೊಂಡದಿಂದ ಎರಡು ತಡೆ ನೀರು ತಗೋ" ಅಂತ ಕೇಳಿದರು. ಮೇಲಿನವರು ಒಂದು ವಾರ ಯೋಚಿಸಿ ಒಪ್ಪಿದರು. ಕಾಗದವಿಲ್ಲ, ಪತ್ರವಿಲ್ಲ. ಕಾಲುವೆ ಹೊಂಡಕ್ಕೆ ಸೇರುವ ಮೊದಲು ಒಂದು ಸಣ್ಣ ಹೂಳು ಗುಂಡಿ ತೋಡಿದರು. ಇಬ್ಬರೂ ಸೇರಿ ಮೂರು ದಿನದ ಕೆಲಸ. 2021ರಲ್ಲಿ ಹೊಂಡ ತುಂಬಿ ಹರಿಯಿತು. 2023ರಲ್ಲಿ ಅರ್ಧದಷ್ಟೇ ನಿಂತಿತು. ಅಷ್ಟರಲ್ಲೇ ಚಿಕ್ಕಪ್ಪನ ಮುಕ್ಕಾಲು ಎಕರೆ, ಮೇಲಿನವರ ಅರ್ಧ ಎಕರೆ ರಾಗಿ ಕೈಗೆ ಬಂತು. ಸುತ್ತಮುತ್ತ ಉಳಿದವರದೆಲ್ಲ ದನದ ಮೇವಾಯಿತು.

ಸುಖಾಂತ ಅಂದುಕೊಂಡಿದ್ದೆ. ಹೋದ ಸಲ ಊರಿಗೆ ಹೋದಾಗ ಕೆಳಗಿನ ಕುಂಟೆಯಲ್ಲಿ ಕುರಿಗಳಿಗೆ ನೀರು ಕುಡಿಸುವ ತಾತ ಮನೆ ಮುಂದೆ ಕೂತಿದ್ದರು. "ಏನಪ್ಪಾ, ನಿಮ್ಮ ಕಾಲುವೆ ಆದ್ಮೇಲೆ ಕುಂಟೆಗೆ ನೀರು ಒಂದು ತಿಂಗಳು ತಡ ಆಗ್ತದೆ. ಕುರಿ ಅಷ್ಟು ದಿನ ಕಾಯ್ತವಾ?" ಅಂದರು. ಚಿಕ್ಕಪ್ಪ ಉತ್ತರ ಕೊಡದೆ ಕಾಫಿ ತರಿಸಿದರು.

ಈಗ ಮೇ ತಿಂಗಳಲ್ಲಿ ಹೊಂಡದ ಬಾಯಿಗೆ ಎರಡು ಮರಳು ಚೀಲ ಅಡ್ಡ ಇಡುತ್ತಾರೆ. ಮೊದಲ ಮಳೆಗಳ ನೀರು ಪಕ್ಕದಿಂದ ಕುಂಟೆಗೆ ಹೋಗುತ್ತದೆ. ಹೇಗೂ ಆ ನೀರಿನಲ್ಲಿ ಹೂಳು ಜಾಸ್ತಿ, ಹೊಂಡಕ್ಕೆ ಬಾರದಿದ್ದರೇ ಒಳ್ಳೆಯದು ಅಂತ ಚಿಕ್ಕಪ್ಪನ ಸಮಾಧಾನ. ಜುಲೈ ಹೊತ್ತಿಗೆ, ಕುಂಟೆ ತುಂಬಿದ ಮೇಲೆ, ತಾತನ ಎದುರಿಗೇ ಚೀಲ ತೆಗೆಯಬೇಕು ಅಂತ ಮಾತು. ಕಳೆದ ವರ್ಷ ಒಂದು ಚೀಲವನ್ನು ಯಾರೋ ಮುಂಚೆಯೇ ಸರಿಸಿದ್ದರು. ತಾನಲ್ಲ ಅಂತ ಚಿಕ್ಕಪ್ಪ ಹೇಳುತ್ತಾರೆ. ತಾತ ನಂಬಿಲ್ಲ.